ಇನ್ಸುಲಿನ್ನಿಗೂ ಕ್ಯಾನ್ಸರಿಗೂ ಒಂದೇ ಕಿಣ್ವ

(ಮಂಗಳೂರಿನಲ್ಲಿ ಸಾರ್ವಜನಿಕರಿಗಾಗಿ ಕೊಟ್ಟ ಉಪನ್ಯಾಸದ ಬರಹ ರೂಪ ಇದು. ಸಭೆಯಲ್ಲಿ ಬಂದ ಪ್ರಶ್ನೆಗಳನ್ನು ಕೊನೆಗೆ ಬಿಡದೆ, ಅವು ಎದ್ದ ಜಾಗದಲ್ಲೇ ಸೇರಿಸಿದ್ದೇನೆ.)

ಮಧ್ಯಾಹ್ನ ಕುಚ್ಚಲಕ್ಕಿ ಅನ್ನ, ಮೀನು ಸಾರು ಉಂಡು ಬಂದವರೇ ಇಲ್ಲಿ ಜಾಸ್ತಿ ಇರಬೇಕು. ಆ ಅನ್ನ ಈಗ ಕರುಳಿನಲ್ಲಿ ಗ್ಲೂಕೋಸ್ ಆಗಿ ರಕ್ತಕ್ಕೆ ಸೇರುತ್ತಿದೆ. ಅದನ್ನು ಗಮನಿಸಿದ ಮೇದೋಜೀರಕ ಗ್ರಂಥಿ ಇನ್ಸುಲಿನ್ ಬಿಡುತ್ತಿದೆ. ಇನ್ಸುಲಿನ್ ಸ್ನಾಯುವಿನ ಜೀವಕೋಶದ ಹತ್ತಿರ ಹೋಗುತ್ತದೆ, ಪೊರೆಯ ಹೊರಗಡೆ ಇರುವ ಗ್ರಾಹಕ ಪ್ರೋಟೀನಿಗೆ ಅಂಟುತ್ತದೆ. ಇಷ್ಟೇ ಅದರ ಕೆಲಸ. ಸಂದೇಶ ಮುಟ್ಟಿಸಲು ಅದು ಒಳಗೆ ಹೋಗಬೇಕಾಗಿಲ್ಲ. ಆದರೂ ಕೆಲವೇ ನಿಮಿಷಗಳಲ್ಲಿ ಆ ಕೋಶ ಗ್ಲೂಕೋಸನ್ನು ಎಳೆದುಕೊಳ್ಳಲು ಶುರು ಮಾಡುತ್ತದೆ. ಹೊರಗಿನ ಸುದ್ದಿ ಒಳಗೆ ತಿಳಿದದ್ದು ಹೇಗೆ?

ಆ ಸುದ್ದಿಯನ್ನು ಒಳಗೆ ಮುಟ್ಟಿಸುವುದರಲ್ಲಿ ದೊಡ್ಡ ಪಾಲು ಒಂದು ಕಿಣ್ವದ್ದು. ಹೆಸರು ಪಿಐ3 ಕೈನೇಸ್. ಸ್ತನದ ಕ್ಯಾನ್ಸರಿನಲ್ಲಿ ಅತಿ ಹೆಚ್ಚಾಗಿ ಕೆಟ್ಟುಹೋಗುವ ಕಿಣ್ವಗಳಲ್ಲೂ ಇದೇ ಒಂದು. ಸಕ್ಕರೆ ಕಾಯಿಲೆ ಮತ್ತು ಕ್ಯಾನ್ಸರ್ ಎರಡು ಬೇರೆ ಬೇರೆ ವಿಭಾಗ, ಇಬ್ಬರು ಬೇರೆ ಬೇರೆ ಡಾಕ್ಟರು ಎಂದು ನಾವು ತಿಳಿದುಕೊಂಡಿದ್ದೇವೆ. ಜೀವಕೋಶಕ್ಕೆ ಆ ವಿಭಾಗಗಳ ಲೆಕ್ಕ ಇಲ್ಲ. ಇವತ್ತು ನಾನು ಹೇಳಬೇಕೆಂದಿರುವುದು ಅದನ್ನೇ. ಯಾಕೆಂದರೆ ಇದನ್ನು ತಿಳಿಯದೆ ಕೆಲವರು ಔಷಧ ನಿಲ್ಲಿಸುತ್ತಾರೆ, ಕೆಲವರು ಹೆದರಿ ಇನ್ಸುಲಿನ್ ಬಿಡುತ್ತಾರೆ.

ಮೊದಲು ಈ ಕಿಣ್ವ ಏನು ಮಾಡುತ್ತದೆ ಎಂದು ನೋಡೋಣ. ಕೈನೇಸ್ ಅಂದರೆ ಒಂದು ಅಣುವಿಗೆ ಫಾಸ್ಫೇಟ್ ಅಂಟಿಸುವ ಕಿಣ್ವ. ಫಾಸ್ಫೇಟ್ ಅಂದರೆ ರಂಜಕ ಮತ್ತು ಆಮ್ಲಜನಕ ಸೇರಿದ ಒಂದು ಸಣ್ಣ ಗುಂಪು. ನಮ್ಮ ದೇಹದ ಹೆಚ್ಚಿನ ಕೈನೇಸ್‌ಗಳು ಪ್ರೋಟೀನಿಗೆ ಫಾಸ್ಫೇಟ್ ಅಂಟಿಸುತ್ತವೆ. ಇದು ಹಾಗಲ್ಲ, ಲಿಪಿಡ್‌ಗೆ, ಅಂದರೆ ಕೊಬ್ಬಿನ ಜಾತಿಯ ಅಣುವಿಗೆ ಅಂಟಿಸುತ್ತದೆ. ಜೀವಕೋಶದ ಪೊರೆ ಬಹುಪಾಲು ಲಿಪಿಡ್‌ಗಳಿಂದಲೇ ಆದದ್ದು. ಅವುಗಳಲ್ಲಿ ಒಂದು ಫಾಸ್ಫಾಟಿಡಿಲ್ ಇನೊಸಿಟಾಲ್. ಇದರ ಎರಡು ಬಾಲ ಪೊರೆಯೊಳಗೆ ಹೂತಿರುತ್ತವೆ. ತಲೆಯ ಭಾಗ ಕೋಶದ ಒಳಕ್ಕೆ ಮುಖ ಮಾಡಿರುತ್ತದೆ. ಆ ತಲೆ ಆರು ಇಂಗಾಲದ ಒಂದು ಉಂಗುರ. ಉಂಗುರದ 3, 4, 5ನೆಯ ಜಾಗಗಳಲ್ಲಿ ಫಾಸ್ಫೇಟ್ ಕೂರಬಹುದು. ಒಂದು ಕೂರಬಹುದು, ಎರಡು ಕೂರಬಹುದು, ಮೂರೂ ಕೂರಬಹುದು. ಹೀಗೆ ಒಟ್ಟು ಏಳು ಬಗೆ. 4 ಮತ್ತು 5ರಲ್ಲಿ ಫಾಸ್ಫೇಟ್ ಇರುವುದನ್ನು ಪಿಪ್2 ಎನ್ನುತ್ತಾರೆ. ಪಿಐ3 ಕೈನೇಸ್ ಬಂದು 3ನೆಯ ಜಾಗಕ್ಕೂ ಒಂದು ಫಾಸ್ಫೇಟ್ ಅಂಟಿಸಿದರೆ ಅದು ಪಿಪ್3. ಇಡೀ ಕತೆ ನಿಂತಿರುವುದು ಆ ಒಂದು ಫಾಸ್ಫೇಟಿನ ಮೇಲೆ.

ಪೊರೆಯ ಲಿಪಿಡ್ ಸುಮ್ನೆ ಗೋಡೆಯಂತೆ ನಿಂತಿರುತ್ತದೆ, ಸಂದೇಶಕ್ಕೂ ಅದಕ್ಕೂ ಸಂಬಂಧ ಇಲ್ಲ ಎಂಬ ನಂಬಿಕೆ ಬಹಳ ಕಾಲ ಇತ್ತು. 1953ರಲ್ಲಿ ಮೇಬಲ್ ಹೋಕಿನ್ ಮತ್ತು ಲೊವೆಲ್ ಹೋಕಿನ್ ಎಂಬ ದಂಪತಿ ಪಾರಿವಾಳದ ಮೇದೋಜೀರಕ ಗ್ರಂಥಿಯ ತುಣುಕುಗಳ ಮೇಲೆ ಪ್ರಯೋಗ ಮಾಡುತ್ತಿದ್ದರು. ಗ್ರಂಥಿಯನ್ನು ನರಗಳು ಸಂದೇಶಕ್ಕೆ ಬಳಸುವ ಅಸಿಟೈಲ್‌ಕೋಲಿನ್‌ನಿಂದ ಪ್ರಚೋದಿಸಿದಾಗ ವಿಕಿರಣಶೀಲ ರಂಜಕ ಪೊರೆಯ ಲಿಪಿಡ್‌ಗಳಿಗೆ ಬೇಗ ಬೇಗ ಸೇರುವುದು ಕಂಡಿತು. ಹೊರಗಿನ ಸುದ್ದಿಗೆ ಪೊರೆಯ ಲಿಪಿಡ್‌ಗಳೂ ಸ್ಪಂದಿಸುತ್ತವೆ ಎಂಬುದಕ್ಕೆ ಅದು ಮೊದಲ ಸುಳಿವು. ಮುಂದೆ 1985ರಲ್ಲಿ ಲೂಯಿಸ್ ಕ್ಯಾಂಟ್ಲಿ ಮತ್ತು ಜೊತೆಗಾರರು ಇಲಿಗಳಲ್ಲಿ ಗಡ್ಡೆ ತರಿಸುವ ಪಾಲಿಯೋಮಾ ವೈರಸ್ಸಿನ ಒಂದು ಪ್ರೋಟೀನಿಗೆ ಲಿಪಿಡ್ ಕೈನೇಸ್ ಒಂದು ಅಂಟಿಕೊಂಡಿರುವುದನ್ನು ತೋರಿಸಿದರು. 1988ರಲ್ಲಿ ಇನ್ನೊಂದು ಹೆಜ್ಜೆ. ಆ ಕಿಣ್ವ ಫಾಸ್ಫೇಟನ್ನು ಅಂಟಿಸುವುದು ಎಲ್ಲರಿಗೂ ಗೊತ್ತಿದ್ದ 4ನೆಯ ಜಾಗಕ್ಕಲ್ಲ, 3ನೆಯ ಜಾಗಕ್ಕೆ ಎಂದು ಗೊತ್ತಾಯಿತು. ಅಂಥ ಲಿಪಿಡ್ ಒಂದು ಇದೆ ಎಂದೇ ಅಲ್ಲಿಯವರೆಗೆ ಯಾರೂ ಎಣಿಸಿರಲಿಲ್ಲ. ಗಮನಿಸಿ, ಈ ಕಿಣ್ವ ಸಿಕ್ಕಿದ್ದೇ ಗಡ್ಡೆ ತರಿಸುವ ವೈರಸ್ಸಿನ ಬೆನ್ನು ಹತ್ತಿದಾಗ. ಇನ್ಸುಲಿನ್ನಿನ ಸಂಬಂಧ ತಿಳಿದದ್ದು ಆಮೇಲೆ.

ಪಿಪ್3 ಆದರೆ ಏನಾಗುತ್ತದೆ? ಮಂಗಳೂರಿನ ಧಕ್ಕೆಗೆ, ಅಂದರೆ ಮೀನಿನ ಬಂದರಿಗೆ, ಬೆಳಗ್ಗೆ ಹೋದವರಿಗೆ ಇದನ್ನು ವಿವರಿಸುವುದು ಸುಲಭ. ಬೋಟು ಬಂದು ನಿಂತರೆ ಸಾಕು, ಏಲಂ ಕೂಗುವವರು, ಐಸ್ ತರುವವರು, ಬುಟ್ಟಿ ಹೊರುವವರು ಎಲ್ಲ ಅಲ್ಲಿಗೇ ಬಂದು ಸೇರುತ್ತಾರೆ. ಒಬ್ಬೊಬ್ಬರನ್ನು ಕರೆಯಬೇಕಾಗಿಲ್ಲ. ಒಂದೇ ಜಾಗದಲ್ಲಿ ಸೇರಿದ್ದರಿಂದಲೇ ವ್ಯಾಪಾರ ಶುರುವಾಗುತ್ತದೆ. ಪೊರೆಯ ಮೇಲೆ ಪಿಪ್3 ಮೂಡಿದಾಗಲೂ ಹಾಗೆಯೇ. ಅದನ್ನು ಗುರುತಿಸಿ ಹಿಡಿಯುವ ಒಂದು ಭಾಗ ಕೆಲವು ಪ್ರೋಟೀನುಗಳಲ್ಲಿ ಇದೆ. ಅವು ಕೋಶದೊಳಗೆ ಅಲ್ಲಿ ಇಲ್ಲಿ ತೇಲುತ್ತಿದ್ದದ್ದು ಈಗ ಪೊರೆಗೆ ಬಂದು ಅಂಟುತ್ತವೆ. ಅವುಗಳಲ್ಲಿ ಮುಖ್ಯವಾದವು ಎಕೆಟಿ ಮತ್ತು ಪಿಡಿಕೆ1. ಎರಡೂ ಪಕ್ಕಪಕ್ಕ ಬಂದಾಗ ಪಿಡಿಕೆ1 ಎಕೆಟಿಗೆ ಒಂದು ಫಾಸ್ಫೇಟ್ ಅಂಟಿಸುತ್ತದೆ. ಎಂಟಾರ್‌ಸಿ2 ಎಂಬ ಇನ್ನೊಂದು ಗುಂಪು ಬೇರೊಂದು ಜಾಗಕ್ಕೆ ಎರಡನೆಯದನ್ನು ಅಂಟಿಸುತ್ತದೆ. ಈಗ ಎಕೆಟಿ ಪೂರ್ತಿ ಎಚ್ಚರ.

ಎಚ್ಚರವಾದ ಎಕೆಟಿ ಮಾಡುವ ಕೆಲಸಗಳನ್ನು ಕೇಳಿ. ಸ್ನಾಯು ಮತ್ತು ಕೊಬ್ಬಿನ ಕೋಶಗಳಲ್ಲಿ ಗ್ಲುಟ್4 ಎಂಬ ಸಾಗಣೆ ಪ್ರೋಟೀನನ್ನು ಒಳಗಿನಿಂದ ಪೊರೆಗೆ ಕಳಿಸುತ್ತದೆ, ಗ್ಲೂಕೋಸ್ ಒಳಗೆ ಬರುವುದು ಅದರ ಮೂಲಕ. ಲಿವರ್‌ನಲ್ಲಿ ಹೊಸ ಗ್ಲೂಕೋಸ್ ತಯಾರಿಸುವುದನ್ನು ತಡೆಯುತ್ತದೆ. ಗ್ಲೂಕೋಸನ್ನು ಗ್ಲೈಕೊಜೆನ್ ರೂಪದಲ್ಲಿ ಕೂಡಿಡಲು ಹೇಳುತ್ತದೆ. ಇಷ್ಟು ಸಕ್ಕರೆಯ ವಿಷಯ. ಅದೇ ಎಕೆಟಿ ಪ್ರೋಟೀನ್ ತಯಾರಿ ಹೆಚ್ಚಿಸುತ್ತದೆ, ಕೋಶ ದೊಡ್ಡದಾಗಲು, ಒಡೆದು ಎರಡಾಗಲು ದಾರಿ ಮಾಡುತ್ತದೆ, ತಾನಾಗಿ ಸಾಯಬೇಕಾದ ಕೋಶ ಸಾಯದಂತೆ ನೋಡಿಕೊಳ್ಳುತ್ತದೆ. ಊಟ ಸಿಕ್ಕಿದೆ, ಈಗ ಬೆಳೆಯಬಹುದು ಎಂಬುದು ಕೋಶದ ಲೆಕ್ಕ. ಊಟ ಮತ್ತು ಬೆಳವಣಿಗೆ ಕೋಶದ ಮಟ್ಟಿಗೆ ಒಂದೇ ಸುದ್ದಿಯ ಎರಡು ಭಾಗ ಅಲ್ವಾ?

ಸುದ್ದಿ ಮುಗಿಯಬೇಕು ಕೂಡ. ಪಿಪ್3ರಿಂದ 3ನೆಯ ಫಾಸ್ಫೇಟನ್ನು ಕಿತ್ತು ಮತ್ತೆ ಪಿಪ್2 ಮಾಡುವ ಕಿಣ್ವ ಪಿಟೆನ್. ಇದರ ಜೀನ್ ಸಿಕ್ಕಿದ್ದು 1997ರಲ್ಲಿ, ಅದೂ ಕ್ಯಾನ್ಸರ್ ಗಡ್ಡೆಗಳಲ್ಲಿ ಕಳೆದುಹೋಗಿರುವ ಜೀನ್ ಎಂದು. ಅದು ಕೀಳುವುದು ಪಿಪ್3ರ ಫಾಸ್ಫೇಟನ್ನು ಎಂದು ತಿಳಿದದ್ದು 1998ರಲ್ಲಿ.

ಇನ್ನು ಕ್ಯಾನ್ಸರಿಗೆ ಬರುತ್ತೇನೆ. ಪಿಐ3 ಕೈನೇಸ್ ಎರಡು ತುಂಡಿನ ಕಿಣ್ವ. ಒಂದು ತುಂಡು ಕೆಲಸ ಮಾಡುತ್ತದೆ, ಇನ್ನೊಂದು ಅದನ್ನು ಹಿಡಿದಿಟ್ಟುಕೊಳ್ಳುತ್ತದೆ. ಗ್ರಾಹಕದಿಂದ ಸುದ್ದಿ ಬಂದಾಗ ಮಾತ್ರ ಹಿಡಿತ ಸಡಿಲ. ಕೆಲಸ ಮಾಡುವ ತುಂಡಿನಲ್ಲಿ ಆಲ್ಫಾ, ಬೀಟಾ, ಗ್ಯಾಮಾ, ಡೆಲ್ಟಾ ಎಂದು ನಾಲ್ಕು ಬಗೆ ಇವೆ. ಆಲ್ಫಾದ ಜೀನ್ ಪಿಐಕೆ3ಸಿಎ. ಅದರ ಪ್ರೋಟೀನಿನಲ್ಲಿ 1068 ಅಮೈನೋ ಆಮ್ಲಗಳು. 2004ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ತಂಡ ಅನೇಕ ಬಗೆಯ ಗಡ್ಡೆಗಳಲ್ಲಿ ಈ ಜೀನನ್ನು ಓದಿ ನೋಡಿತು. ಮತ್ತೆ ಮತ್ತೆ ಅವೇ ಕೆಲವು ಜಾಗಗಳಲ್ಲಿ ತಪ್ಪು. 542, 545, 1047. 1047ನೆಯ ಜಾಗದಲ್ಲಿ ಹಿಸ್ಟಿಡಿನ್ ಹೋಗಿ ಹೆಚ್ಚಾಗಿ ಅರ್ಜಿನಿನ್ ಕೂತಿರುತ್ತದೆ. ಸಾವಿರಕ್ಕೂ ಹೆಚ್ಚು ಅಮೈನೋ ಆಮ್ಲಗಳಲ್ಲಿ ಒಂದು ಬದಲಾದರೆ ಸಾಕು, ಕಿಣ್ವ ಸುದ್ದಿಗೆ ಕಾಯದೆ ಕೆಲಸ ಮಾಡುತ್ತದೆ. ಹಾರ್ಮೋನ್ ಗ್ರಾಹಕ ಇರುವ, ಹರ್2 ಎಂಬ ಇನ್ನೊಂದು ಗ್ರಾಹಕ ಹೆಚ್ಚಾಗಿಲ್ಲದ ಸ್ತನದ ಕ್ಯಾನ್ಸರುಗಳಲ್ಲಿ ಸುಮಾರು 40 ಪ್ರತಿಶತದಲ್ಲಿ ಈ ಜೀನ್ ಕೆಟ್ಟಿರುತ್ತದೆ.

ಇಲ್ಲಿ ಸ್ವಲ್ಪ ನಿಲ್ಲಬೇಕು. ಜೀನ್ ಕೆಟ್ಟರೆ ಕ್ಯಾನ್ಸರ್ ಖಂಡಿತ ಎಂದು ಕೇಳಿದವರಿಗೆ ಅನಿಸುತ್ತದೆ. ಹಾಗಿಲ್ಲ. ವಯಸ್ಸಾದವರ ಮುಖ, ಬೆನ್ನಿನ ಮೇಲೆ ಕಂದು ಬಣ್ಣದ, ಸ್ವಲ್ಪ ಉಬ್ಬಿದ ಕಲೆಗಳು ಬರುತ್ತವೆ, ನಿಮ್ಮ ಅಜ್ಜಿಯ ಮುಖದಲ್ಲಿ ನೋಡಿರಬಹುದು. ಅಂಥ ಎಷ್ಟೋ ಕಲೆಗಳಲ್ಲಿ ಇದೇ ಜೀನಿನ ಇದೇ ತಪ್ಪುಗಳಿವೆ. ಅವು ಕ್ಯಾನ್ಸರ್ ಅಲ್ಲ. ಇನ್ನು ಕೆಲವು ಮಕ್ಕಳಲ್ಲಿ, ಗರ್ಭದಲ್ಲಿ ಬೆಳೆಯುವಾಗಲೇ ಒಂದು ಕೋಶದಲ್ಲಿ ಈ ತಪ್ಪು ಆಗುತ್ತದೆ. ಆ ಕೋಶದಿಂದ ಬಂದ ಭಾಗ ಮಾತ್ರ ವಿಪರೀತ ಬೆಳೆಯುತ್ತದೆ. ಒಂದು ಕಾಲು ದಪ್ಪ, ಒಂದು ಕೈಯ ಬೆರಳುಗಳು ಉದ್ದ, ಬೆನ್ನಿನಲ್ಲಿ ರಕ್ತನಾಳದ ಗಂಟುಗಳು. ತಂದೆ ತಾಯಿಯಿಂದ ಬಂದದ್ದಲ್ಲ ಇದು, ಯಾರ ತಪ್ಪೂ ಅಲ್ಲ. ಇಂಥ ಮಕ್ಕಳ ಅಮ್ಮಂದಿರು ಗ್ರಹಣದ ಹೊತ್ತಿಗೆ ಹೊರಗೆ ಹೋದೆನೇನೋ ಎಂದು ಕೊರಗುವುದನ್ನು ಕೇಳಿದ್ದೇನೆ. ಗ್ರಹಣಕ್ಕೂ ಇದಕ್ಕೂ ಸಂಬಂಧವಿಲ್ಲ. ಕೋಶ ಒಡೆಯುವಾಗ ಡಿಎನ್‌ಎ ನಕಲಿನಲ್ಲಿ ಒಂದು ಅಕ್ಷರ ತಪ್ಪಿದೆ, ಅಷ್ಟೇ. 2018ರಲ್ಲಿ ಪ್ಯಾರಿಸ್ಸಿನ ನೆಕರ್ ಆಸ್ಪತ್ರೆಯ ಗಿಯೋಮ್ ಕಾನೋ ತಂಡ ಇಂಥ 19 ಮಂದಿಗೆ ಕ್ಯಾನ್ಸರಿಗೆಂದು ತಯಾರಾಗುತ್ತಿದ್ದ ಒಂದು ಔಷಧ ಕೊಟ್ಟಿತು. ಬೆಳೆದ ಭಾಗಗಳು ಕುಗ್ಗಿದವು. 2022ರಲ್ಲಿ ಅಮೆರಿಕದಲ್ಲಿ ಎರಡು ವರ್ಷ ದಾಟಿದ ಮಕ್ಕಳಿಗೂ ಅದಕ್ಕೆ ಒಪ್ಪಿಗೆ ಸಿಕ್ಕಿತು. ಈ ಇಡೀ ಕ್ಷೇತ್ರದಲ್ಲಿ ನನಗೆ ಅತಿ ಖುಷಿ ಕೊಟ್ಟ ಸುದ್ದಿ ಇದು.

ಆ ಔಷಧ ಆಲ್ಪೆಲಿಸಿಬ್. ಆಲ್ಫಾ ಬಗೆಯ ಪಿಐ3 ಕೈನೇಸನ್ನು ತಡೆಯುತ್ತದೆ. 2019ರಲ್ಲಿ ಸ್ತನದ ಕ್ಯಾನ್ಸರಿಗೆ ಒಪ್ಪಿಗೆ ಪಡೆಯಿತು, ಫುಲ್ವೆಸ್ಟ್ರಾಂಟ್ ಎಂಬ ಚುಚ್ಚುಮದ್ದಿನ ಜೊತೆ. ಹಬ್ಬಿದ ಕ್ಯಾನ್ಸರ್ ಇದ್ದು ಗಡ್ಡೆಯಲ್ಲಿ ಈ ಜೀನ್ ಕೆಟ್ಟಿದ್ದವರಲ್ಲಿ, ಕಾಯಿಲೆ ಮುಂದುವರಿಯದೆ ನಿಂತ ಅವಧಿ 5.7 ತಿಂಗಳಿಂದ 11 ತಿಂಗಳಿಗೆ ಏರಿತು. ಒಟ್ಟು ಆಯುಸ್ಸಿನ ಲೆಕ್ಕದಲ್ಲಿ ಮಾತ್ರ ಸಂಖ್ಯಾಶಾಸ್ತ್ರ ಒಪ್ಪುವಷ್ಟು ವ್ಯತ್ಯಾಸ ಸಿಗಲಿಲ್ಲ. ಎರಡನ್ನೂ ಹೇಳಬೇಕು. ಒಂದನ್ನೇ ಹೇಳಿದರೆ ಮನೆಯವರಿಗೆ ತಪ್ಪು ಲೆಕ್ಕ ಕೊಟ್ಟಂತೆ.

ಈ ಔಷಧ ತೆಗೆದುಕೊಂಡವರಲ್ಲಿ ಹೆಚ್ಚುಕಡಿಮೆ ಮೂರರಲ್ಲಿ ಎರಡು ಪಾಲು ಜನರಿಗೆ ಶುಗರ್ ಏರಿತು. ಸುಮಾರು ಮೂರನೇ ಒಂದು ಪಾಲು ಜನರಲ್ಲಿ ಗಂಭೀರವಾಗಿ. ಹೆಚ್ಚಾಗಿ ಮೊದಲ ಕೆಲವು ವಾರಗಳಲ್ಲೇ. ಇದು ಔಷಧದ ದೋಷ ಎಂದು ಹೇಳಲು ನನಗೆ ಮನಸ್ಸಿಲ್ಲ. ಔಷಧ ತನ್ನ ಕೆಲಸ ಸರಿಯಾಗಿ ಮಾಡಿದೆ. ಗಡ್ಡೆಯಲ್ಲಿರುವ ಕಿಣ್ವ ಮತ್ತು ಸ್ನಾಯು, ಲಿವರ್‌ನಲ್ಲಿರುವ ಕಿಣ್ವ ಒಂದೇ. ಎರಡನ್ನೂ ತಡೆದಿದೆ. ಇನ್ಸುಲಿನ್ ಹೇಳಿದ್ದು ಸ್ನಾಯುವಿಗೆ ಕೇಳಲಿಲ್ಲ, ಲಿವರ್‌ಗೆ ಕೇಳಲಿಲ್ಲ. ಸ್ನಾಯು ಗ್ಲೂಕೋಸ್ ತೆಗೆದುಕೊಳ್ಳಲಿಲ್ಲ, ಲಿವರ್ ಗ್ಲೂಕೋಸ್ ಬಿಡುತ್ತಲೇ ಹೋಯಿತು.

ಸಭೆಯ ಹಿಂದಿನ ಸಾಲಿನಿಂದ ಒಬ್ಬರು ಎದ್ದು ಕೇಳಿದರು: "ನಮ್ಮ ಅಕ್ಕನಿಗೆ ಮೊದಲೇ ಶುಗರ್ ಉಂಟು. ಇಂಥ ಮದ್ದು ಕೊಡ್ಲಿಕ್ಕೆ ಆಗ್ತದಾ?" ಒಳ್ಳೆಯ ಪ್ರಶ್ನೆ, ನಮ್ಮ ದೇಶಕ್ಕೆ ಬೇಕಾದ ಪ್ರಶ್ನೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ನೆರವಿನ ಅಧ್ಯಯನ 2023ರಲ್ಲಿ ಕೊಟ್ಟ ಲೆಕ್ಕದ ಪ್ರಕಾರ ಭಾರತದಲ್ಲಿ 10 ಕೋಟಿಗೂ ಹೆಚ್ಚು ಜನರಿಗೆ ಸಕ್ಕರೆ ಕಾಯಿಲೆ ಇದೆ. ಆಲ್ಪೆಲಿಸಿಬ್ ಪರೀಕ್ಷೆಯಲ್ಲಿ ಟೈಪ್ 1, ಅಂದರೆ ಮೈಯಲ್ಲಿ ಇನ್ಸುಲಿನ್ನೇ ತಯಾರಾಗದ ಬಗೆಯ ಸಕ್ಕರೆ ಕಾಯಿಲೆ ಇದ್ದವರನ್ನೂ ಶುಗರ್ ಹತೋಟಿಯಲ್ಲಿ ಇಲ್ಲದವರನ್ನೂ ಸೇರಿಸಿರಲಿಲ್ಲ. ಶುಗರ್ ಇದ್ದ ಮಾತ್ರಕ್ಕೆ ಕೊಡಲೇಬಾರದು ಎಂದಲ್ಲ. ಶುರು ಮಾಡುವ ಮೊದಲೇ ಖಾಲಿ ಹೊಟ್ಟೆಯ ಶುಗರ್ ಮತ್ತು ಎಚ್‌ಬಿಎ1ಸಿ (ಕಳೆದ ಎರಡು ಮೂರು ತಿಂಗಳ ಶುಗರಿನ ಸರಾಸರಿ) ನೋಡಬೇಕು, ಶುರುವಾದ ಮೇಲೆ ಪದೇ ಪದೇ ನೋಡಬೇಕು, ಕ್ಯಾನ್ಸರ್ ಡಾಕ್ಟರೂ ಶುಗರ್ ಡಾಕ್ಟರೂ ಒಟ್ಟಿಗೆ ಕೂತು ತೀರ್ಮಾನ ಮಾಡಬೇಕು. ಅಕ್ಕನ ಎರಡೂ ಫೈಲುಗಳನ್ನು ಇಬ್ಬರು ಡಾಕ್ಟರಿಗೂ ತೋರಿಸಿ ಎಂದು ಅವರಿಗೆ ಹೇಳಿದೆ.

ಇದರೊಳಗೆ ಇನ್ನೂ ಒಂದು ಸಿಕ್ಕು ಇದೆ. ರಕ್ತದಲ್ಲಿ ಸಕ್ಕರೆ ಏರಿದಾಗ ಮೇದೋಜೀರಕ ಗ್ರಂಥಿ ಸುಮ್ಮನಿರುವುದಿಲ್ಲ, ಇನ್ನಷ್ಟು ಇನ್ಸುಲಿನ್ ಸುರಿಯುತ್ತದೆ. ಆ ಇನ್ಸುಲಿನ್ ಗಡ್ಡೆಯ ಕೋಶಗಳಲ್ಲಿ ತಡೆದಿಟ್ಟ ದಾರಿಯನ್ನು ಸ್ವಲ್ಪ ಮಟ್ಟಿಗೆ ಮತ್ತೆ ತೆರೆಯುತ್ತದೆ. 2018ರಲ್ಲಿ ಕ್ಯಾಂಟ್ಲಿ ತಂಡವೇ ಇಲಿಗಳಲ್ಲಿ ಇದನ್ನು ತೋರಿಸಿತು. ಅನ್ನ, ಸಕ್ಕರೆಯಂಥ ಪದಾರ್ಥ ತೀರಾ ಕಡಿಮೆ ಮಾಡಿ ಇನ್ಸುಲಿನ್ ಏರದಂತೆ ನೋಡಿಕೊಂಡರೆ ಔಷಧ ಚೆನ್ನಾಗಿ ಹಿಡಿಯಿತು. ಈ ಸುದ್ದಿ ವಾಟ್ಸಾಪಿಗೆ ಬರುವ ಹೊತ್ತಿಗೆ "ಅನ್ನ ಬಿಟ್ಟರೆ ಕ್ಯಾನ್ಸರ್ ಹೋಗುತ್ತದೆ" ಎಂದಾಗಿತ್ತು. ಅದೇ ಅಧ್ಯಯನದಲ್ಲಿ ಇನ್ನೊಂದು ಸಾಲು ಇದೆ, ಅದನ್ನು ಯಾರೂ ಕಳಿಸುವುದಿಲ್ಲ. ಔಷಧವಿಲ್ಲದೆ ಬರೀ ಆ ಪಥ್ಯ ಕೊಟ್ಟಾಗ ರಕ್ತದ ಕ್ಯಾನ್ಸರ್ ಇದ್ದ ಇಲಿಗಳಲ್ಲಿ ಕಾಯಿಲೆ ಇನ್ನೂ ಬೇಗ ಬೆಳೆಯಿತು. ಇಷ್ಟು ಸೂಕ್ಷ್ಮ ವಿಷಯವನ್ನು ಡಾಕ್ಟರಿಗೆ ಹೇಳದೆ ಮನೆಯಲ್ಲಿ ಪ್ರಯೋಗ ಮಾಡಬೇಡಿ. ಹಾಗೆಯೇ, ಇನ್ಸುಲಿನ್ ಕ್ಯಾನ್ಸರ್ ಬೆಳೆಸುತ್ತದಂತೆ ಎಂದು ಕೇಳಿ ಶುಗರಿನ ಇಂಜೆಕ್ಷನ್ ನಿಲ್ಲಿಸುವವರಿದ್ದಾರೆ. ದಯವಿಟ್ಟು ಬೇಡ. ಇನ್ಸುಲಿನ್ ಇಲ್ಲದೆ ಟೈಪ್ 1 ಇರುವವರು ಬದುಕುವುದಿಲ್ಲ.

ಈ ಎರಡು ಕಾಯಿಲೆಗಳ ನಂಟು ಮನುಷ್ಯರಲ್ಲೇ ಎದ್ದು ಕಾಣುವ ಒಂದು ಉದಾಹರಣೆ ಇದೆ. ಹುಟ್ಟುವಾಗಲೇ ಪಿಟೆನ್ ಜೀನಿನ ಒಂದು ಪ್ರತಿ ಕೆಟ್ಟಿರುವವರಿಗೆ ಕೌಡನ್ ಸಿಂಡ್ರೋಮ್ ಎಂಬ ಸ್ಥಿತಿ ಬರುತ್ತದೆ. ಸ್ತನ, ಥೈರಾಯ್ಡ್, ಗರ್ಭಕೋಶದ ಒಳಪದರದ ಕ್ಯಾನ್ಸರಿನ ಅಪಾಯ ಇವರಿಗೆ ಜಾಸ್ತಿ. 2012ರಲ್ಲಿ ಆಕ್ಸ್‌ಫರ್ಡ್‌ನ ತಂಡ ಇವರ ಇನ್ಸುಲಿನ್ ಅಳೆದು ನೋಡಿತು. ಮೈತೂಕ ಹೆಚ್ಚಿದ್ದರೂ ಇನ್ಸುಲಿನ್ ಅವರಲ್ಲಿ ಬೇರೆಯವರಿಗಿಂತ ಚೆನ್ನಾಗಿ ಕೆಲಸ ಮಾಡುತ್ತಿತ್ತು. ಪಿಪ್3 ಬೇಗ ಅಳಿಯದೆ ಉಳಿಯುವುದರಿಂದ ಸಕ್ಕರೆಗೆ ಲಾಭ, ಕ್ಯಾನ್ಸರಿನಲ್ಲಿ ನಷ್ಟ. ಒಂದೇ ದೇಹದಲ್ಲಿ ಎರಡೂ. ಈ ಫಲಿತಾಂಶ ಓದಿದ ಮೇಲೆ ಪಿಐ3 ಕೈನೇಸನ್ನು ಕೆಟ್ಟ ಕಿಣ್ವ ಎಂದು ಕರೆಯುವುದನ್ನು ನಾನು ಪಾಠದಲ್ಲೂ ಬಿಟ್ಟೆ.

ಹಾಗಾದರೆ ಮುಂದಿನ ದಾರಿ ಯಾವುದು? 1047ರಲ್ಲಿ ತಪ್ಪಿರುವ ಕಿಣ್ವವನ್ನು ಮಾತ್ರ ಹಿಡಿದು, ಸರಿಯಾಗಿರುವುದನ್ನು ಬಿಡುವ ಔಷಧಗಳು ಬೇಕು. ಅಂಥವು ಈಗ ರೋಗಿಗಳ ಮೇಲಿನ ಪರೀಕ್ಷೆಯಲ್ಲಿವೆ. ಗಡ್ಡೆಯ ಕಿಣ್ವ ನಿಂತು, ಸ್ನಾಯುವಿನದು ನಡೆಯುತ್ತಿದ್ದರೆ ಶುಗರ್ ಏರುವ ತೊಂದರೆ ಕಡಿಮೆಯಾಗಬೇಕು. ನನ್ನ ನಿರೀಕ್ಷೆ ಇರುವುದು ಆ ಕಡೆ.

ಡೆಲ್ಟಾ ಬಗೆಯ ಬಗ್ಗೆ ಎರಡು ಮಾತು ಸಾಕು. ಅದು ಹೆಚ್ಚಾಗಿ ರಕ್ತದ ಬಿಳಿ ಕಣಗಳಲ್ಲಿದೆ. ಅದನ್ನು ತಡೆಯುವ ಐಡೆಲಾಲಿಸಿಬ್ 2014ರಲ್ಲಿ ಒಂದು ಬಗೆಯ ರಕ್ತ ಕ್ಯಾನ್ಸರಿಗೆ ಬಂತು, ಆದರೆ ಕೆಲವರ ಲಿವರ್ ಮತ್ತು ಕರುಳಿನ ಮೇಲೆ ಅವರದೇ ರೋಗನಿರೋಧಕ ಕೋಶಗಳು ಬಿದ್ದವು. ಇನ್ನು ಡೆಲ್ಟಾ ಹುಟ್ಟಿನಿಂದಲೇ ಅತಿಯಾಗಿ ಕೆಲಸ ಮಾಡುವ ಮಕ್ಕಳಿದ್ದಾರೆ. ಅವರಿಗೆ ಶ್ವಾಸಕೋಶದ ಸೋಂಕು ಮತ್ತೆ ಮತ್ತೆ. ಈ ಕಾಯಿಲೆಯನ್ನು ಗುರುತಿಸಿದ್ದು 2013ರಲ್ಲಿ, ಲೆನಿಯೊಲಿಸಿಬ್ ಎಂಬ ಔಷಧ ಬಂದದ್ದು 2023ರಲ್ಲಿ. ಹತ್ತು ವರ್ಷ. ಅಪರೂಪದ ಕಾಯಿಲೆಗೆ ಇದು ಬೇಗ ಸಿಕ್ಕಿದ ಔಷಧವೇ ಸರಿ.

ಮಂಗಳೂರಿಗೆ ಬಂದು ಲಿಪಿಡ್ ಕೈನೇಸಿನ ಬಗ್ಗೆ ಮಾತಾಡಿ ಮಲೇರಿಯಾ ಬಿಟ್ಟರೆ ಸರಿಯಲ್ಲ. 1990ರ ದಶಕದಿಂದ ಇಲ್ಲಿ ಕಟ್ಟಡ ಕೆಲಸ ಹೆಚ್ಚಿತು. ಸ್ಲ್ಯಾಬ್ ಗಟ್ಟಿಯಾಗಲೆಂದು ನಿಲ್ಲಿಸಿದ ನೀರು, ತಾರಸಿಯ ಟ್ಯಾಂಕು, ಅದರಲ್ಲಿ ಅನಾಫಿಲಿಸ್ ಸ್ಟೀಫೆನ್ಸಿ ಸೊಳ್ಳೆ. ಇಲ್ಲಿಯ ಮಲೇರಿಯಾದಲ್ಲಿ ವೈವಾಕ್ಸ್ ಬಗೆಯದೇ ಹೆಚ್ಚು. ಅದರ ಪರಾವಲಂಬಿ ಒಂದೇ ಕೋಶದ ಜೀವಿ, ಅದಕ್ಕೂ ಲಿಪಿಡ್ ಕೈನೇಸ್ ಬೇಕು. ಅದರಲ್ಲಿ ಮುಖ್ಯವಾದದ್ದು ಪಿಐ4 ಕೈನೇಸ್, ಅಂದರೆ 4ನೆಯ ಜಾಗಕ್ಕೆ ಫಾಸ್ಫೇಟ್ ಅಂಟಿಸುವುದು. ಕೆಂಪು ರಕ್ತ ಕಣದೊಳಗೆ ಪರಾವಲಂಬಿ ಬೆಳೆದು ಹಲವು ಮರಿಗಳಾಗಿ ಒಡೆಯುವಾಗ ಪ್ರತಿ ಮರಿಯ ಸುತ್ತ ಪೊರೆ ಮೂಡಬೇಕು. ಪಿಐ4 ಕೈನೇಸನ್ನು ತಡೆದರೆ ಆ ಪೊರೆ ಮೂಡುವುದಿಲ್ಲ, ಮರಿಗಳು ಬೇರೆಯಾಗುವುದಿಲ್ಲ. 2013ರಲ್ಲಿ ಇದು ಗೊತ್ತಾಯಿತು. ರಕ್ತದಲ್ಲಿ ಮಾತ್ರವಲ್ಲ, ಲಿವರ್‌ನಲ್ಲಿ ಬೆಳೆಯುವ ಹಂತದಲ್ಲೂ ಈ ತಡೆ ಕೆಲಸ ಮಾಡಿತು. ದಕ್ಷಿಣ ಆಫ್ರಿಕದ ಕೇಪ್ ಟೌನ್ ವಿಶ್ವವಿದ್ಯಾಲಯದಲ್ಲಿ ಕೆಲಿ ಚಿಬಾಲೆ ತಂಡ ಇಂಥ ಒಂದು ಅಣುವನ್ನು ಮನುಷ್ಯರ ಮೇಲಿನ ಪರೀಕ್ಷೆಯವರೆಗೆ ಒಯ್ದಿತು. ಅದು ಮಾರುಕಟ್ಟೆಗೆ ಬರಲಿಲ್ಲ. ಆದರೆ ಗುರಿ ಸರಿ ಎಂಬುದನ್ನು ತೋರಿಸಿಕೊಟ್ಟಿತು.

ಪಿಯುಸಿ ಓದುವ ಹುಡುಗಿಯೊಬ್ಬಳು ಕೇಳಿದಳು: "ಮೇಡಂ, ನಮ್ಮಲ್ಲೂ ಪಿಐ4 ಕೈನೇಸ್ ಇದೆ ಅಲ್ವಾ? ಅದಕ್ಕೆ ಏನೂ ಆಗುವುದಿಲ್ವಾ?" ಇದೆ. ನಮ್ಮದು ಮತ್ತು ಪರಾವಲಂಬಿಯದು ಒಂದೇ ಮೂಲದವು. ಆದರೆ ಔಷಧ ಕೂರುವ ಜಾಗದ ಆಕಾರದಲ್ಲಿ ಸಣ್ಣ ವ್ಯತ್ಯಾಸ ಇದೆ. ಪರಾವಲಂಬಿಯದಕ್ಕೆ ಸರಿಯಾಗಿ ಕೂತು, ನಮ್ಮದಕ್ಕೆ ಕೂರದ ಅಣು ಹುಡುಕುವುದೇ ಇಲ್ಲಿಯ ಕೆಲಸ.

ಅವಳು ಬಿಡಲಿಲ್ಲ. ಹಾಗಾದರೆ ವೈವಾಕ್ಸ್ ಲಿವರ್‌ನಲ್ಲಿ ಮಲಗಿದ್ದು ತಿಂಗಳುಗಳ ಮೇಲೆ ಮತ್ತೆ ಏಳುವುದು ನಿಲ್ಲುತ್ತದಾ ಎಂದು ಕೇಳಿದಳು. ಮಂಗಗಳಲ್ಲಿ ವೈವಾಕ್ಸಿನ ಹತ್ತಿರದ ಸಂಬಂಧಿ ಪರಾವಲಂಬಿಯನ್ನು ಇಟ್ಟು ನೋಡಿದ್ದಾರೆ. ಸೋಂಕು ತಗಲುವ ಹೊತ್ತಿಗೇ ಔಷಧ ಇದ್ದರೆ ಮಲಗುವ ಹಂತದವನ್ನೂ ಅದು ತಡೆಯಿತು. ಮೊದಲೇ ಮಲಗಿ ನೆಲೆಯಾದವನ್ನು ಕೊಲ್ಲಲು ಅದನ್ನು ನೆಚ್ಚುವಂತಿಲ್ಲ. ಆ ಕೆಲಸಕ್ಕೆ ನಮ್ಮ ಆಸ್ಪತ್ರೆಗಳಲ್ಲಿ ಕೊಡುವುದು ಈಗಲೂ ಪ್ರೈಮಾಕ್ವಿನ್, 14 ದಿನ. ಜ್ವರ ಬಿಟ್ಟಿತೆಂದು ನಾಲ್ಕನೇ ದಿನ ಮಾತ್ರೆ ನಿಲ್ಲಿಸಿದರೆ ಲಿವರ್‌ನಲ್ಲಿ ಉಳಿದವು ಕೆಲವು ವಾರ ಅಥವಾ ತಿಂಗಳುಗಳ ಮೇಲೆ ಮತ್ತೆ ರಕ್ತಕ್ಕೆ ಇಳಿಯುತ್ತವೆ.